ನೇರಳೆ ಚುಕ್ಕೆ

ಬೆಳಿಗ್ಗೆ ಗಂಡ ಹೊಡೆದು ತಂದ ಕಾಡು ಟರ್ಕಿ ಕೋಳಿಯ ಎದೆಮಾಂಸ ಬಿಡಿಸುತ್ತಿದ್ದ ಮಾರ್ಲಾಳ ಚಾಕು ಕಟಕ್ಕೆಂದು ನಿಂತಿತು. ಮೇಜಿನ ಆಚೆ ತುದಿಯಲ್ಲಿ ಗಂಡ ಡ್ವೇನ್ ಅಂಗಡಿಯಿಂದ ಆಗಷ್ಟೇ ತಂದ ಬಾಣದ ಅಲಗುಗಳನ್ನು ಹರಡಿಕೊಂಡು, ಹೊಸದಾಗಿ ಬಿಲ್ಲು ಹಿಡಿದ ಅವಳ ತಮ್ಮ ರಿಕಿಗೆ ಪಾಠ ಹೇಳುತ್ತಿದ್ದ.

“ಈ ಅಗಲದ್ದೇ ತಗೋ. ತಗುಲಿದ್ರೆ ಹಕ್ಕಿ ಅಲ್ಲೇ ಬೀಳುತ್ತೆ. ನಾನಂತೂ ಇವತ್ತಿನವರೆಗೆ ಒಂದನ್ನೂ ಗಾಯ ಮಾಡಿ ಬಿಟ್ಟೋನಲ್ಲ.”

“ಹೋದ್ವರ್ಷ ಒಂದು ಹಾರಿಹೋಯ್ತಲ್ಲ ಭಾವ?”

“ಅದು ಗುರಿ ತಪ್ಪಿದ್ದು ಕಣೋ. ಒಂದು ಗರೀನೂ ಸೋಕಿಲ್ಲ.”

ಗಂಟುಕಟ್ಟಿದ್ದ ಮಾಂಸದೊಳಗಿಂದ ಮಾರ್ಲಾ ತುಕ್ಕು ಹಿಡಿದ ಅಲಗೊಂದನ್ನು ಕಿತ್ತು, ತೊಳೆದು, ಗಂಡನ ಮುಂದಿಟ್ಟಳು. ಬುಡದಲ್ಲಿ ನೇರಳೆ ಚುಕ್ಕೆಯೊಂದು ಇನ್ನೂ ಉಳಿದಿತ್ತು. ಬೇರೆಯವರವುಗಳ ಜೊತೆ ಬೆರೆಯದಿರಲೆಂದು ಹೋದ ವರ್ಷ ಡ್ವೇನ್ ತನ್ನ ಅಲಗುಗಳಿಗೆಲ್ಲ ಅವಳ ನೇಲ್ ಪಾಲಿಶ್‌ನಿಂದ ಗುರುತು ಹಾಕಿದ್ದ. ಆ ಹಕ್ಕಿ ಹಾರಿಹೋದ ದಿನ ಓಝಾರ್ಕ್ ಗುಡ್ಡದ ಇಳಿಜಾರಿನಲ್ಲಿ, ಉದುರಿದ ಗರಿಗಳನ್ನು ತೋರಿಸಿ “ಹುಡುಕೋಣ ಬನ್ನಿ” ಎಂದವಳು ಅವಳು. “ಹೊಟ್ಟೆ ಹಸೀತಿದೆ, ನಡಿ” ಎಂದು ತಿರುಗಿ ನಡೆದವನು ಅವನು.

ರಿಕಿ ಅದನ್ನೆತ್ತಿ ಬೆಳಕಿಗೆ ಹಿಡಿದ. “ಎಷ್ಟು ದಿನದಿಂದ ಹೊತ್ಕೊಂಡು ತಿರುಗ್ತಿತ್ತೋ ಪಾಪ! ಯಾವ ಪಾಪಿ ಹೊಡೆದದ್ದು ಭಾವ ಇದನ್ನ?”

ಡ್ವೇನ್ ಆ ಚುಕ್ಕೆ ನೋಡಿದ. ಹೆಂಡತಿಯ ಮುಖ ನೋಡಿದ.

“ಯಾರದೋ ಏನೋ ಬಿಡು,” ಎಂದಳು ಮಾರ್ಲಾ, ತನ್ನ ನೇರಳೆ ಉಗುರುಗಳನ್ನು ಏಪ್ರನ್ನಿನೊಳಗೆ ಮಡಚಿಕೊಳ್ಳುತ್ತ.