ಬಲಗಣ್ಣು

"ವರದಕ್ಷಿಣೆ ಗಿರದಕ್ಷಿಣೆ ನಮ್ಮಲ್ಲಿಲ್ಲ ಸ್ವಾಮಿ. ಮದುವೆ ಮಾತ್ರ ಚೆನ್ನಾಗಿ ಮಾಡಿಕೊಡ್ತೀನಿ," ಎಂದರು ಚಲಪತಿ. ಮಾತು ಮುಗಿಯುವಷ್ಟರಲ್ಲಿ ಹಾಳು ಬಲಗೆನ್ನೆ ಸೆಟೆದುಕೊಂಡು, ಬಲಗಣ್ಣು ಪಟ್ಟನೆ ಮುಚ್ಚಿ ತೆರೆಯಿತು.

ಹುಡುಗನ ತಂದೆ ನರಸಿಂಹಮೂರ್ತಿ, ಗೌರಿಬಿದನೂರಿನಿಂದ ಬಂದಿಳಿದಾಗಿನಿಂದ ಹರಳೆಣ್ಣೆ ಕುಡಿದವರಂತೆ ಮುಖ ಮಾಡಿಕೊಂಡಿದ್ದವರು, ಈಗ ಇದ್ದಕ್ಕಿದ್ದಂತೆ ಅರಳಿದರು. "ಅರ್ಥಮಯಿಂದಿ, ಅರ್ಥ ಆಯ್ತು! ಎಲ್ಲಾನೂ ಬಾಯಲ್ಲೇ ಹೇಳ್ಬೇಕಾ?" ಎಂದು ಇನ್ನೊಂದು ಬೋಂಡಾಕ್ಕೆ ಕೈಹಾಕಿದರು.

ಚಲಪತಿಗೆ ತಲೆಬುಡ ತಿಳಿಯಲಿಲ್ಲ. ಇಲ್ಲ ಎಂದಿದ್ದಕ್ಕೆ ಇಷ್ಟು ಖುಷಿಪಡುವ ಬೀಗರು ಈ ಸೀಮೆಯಲ್ಲಿ ಇನ್ನೂ ಉಳಿದಿದ್ದಾರೆಯೇ?

ಎರಡು ವರ್ಷದಿಂದ, ನಾಲ್ಕು ತಿಂಗಳಿಗೊಮ್ಮೆ ಚಿಂತಾಮಣಿಯಿಂದ ಬೆಂಗಳೂರಿಗೆ ಹೋಗಿ, ಕೆನ್ನೆಗೆ ಇಂಜೆಕ್ಷನ್ ಹಾಕಿಸಿಕೊಂಡು ಅವರು ಮುಖ ನೆಟ್ಟಗಿಟ್ಟುಕೊಂಡಿದ್ದರು. "ಇದು ತಡೆ ಅಷ್ಟೆ, ಗುಣ ಅಲ್ಲ. ತಪ್ಪಿಸಬೇಡಿ," ಎಂದು ಡಾಕ್ಟರು ಹೇಳಿಯೇ ಇದ್ದರು. ಈ ಸಲ ಗಡುವು ಬಂದು ಕಣ್ಣು ಅದುರತೊಡಗಿದಾಗ ಹೆಂಡತಿ ಪದ್ಮಮ್ಮ ಅಡ್ಡ ಬಂದರು. "ಬಲಗಣ್ಣು ಅದುರಿದ್ರೆ ಗಂಡಸರಿಗೆ ಶುಭ ಕಣ್ರೀ. ಮಗಳಿಗೆ ಕಂಕಣ ಕೂಡಿಬರೋ ಹೊತ್ನಲ್ಲಿ ಅದನ್ಯಾಕೆ ನಿಲ್ಲಿಸ್ತೀರಿ?" ಸಂಹಿತಾಗೆ ಆಗಲೇ ಮೂರು ಸಂಬಂಧ ತಪ್ಪಿಹೋಗಿದ್ದವು. ಶಕುನಕ್ಕೂ ನರಕ್ಕೂ ಏನು ನಂಟೋ ದೇವರೇ ಬಲ್ಲ, ಚಲಪತಿ ಬೆಂಗಳೂರಿನ ಬಸ್ಸು ಹತ್ತಲಿಲ್ಲ. ಗಡುವು ದಾಟಿ ಎರಡು ತಿಂಗಳಾಗಿತ್ತು. ಈಗ ಕೆನ್ನೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಇರಲಿ, ಬಿಡಿಸಿ ಹೇಳಿಬಿಡೋಣವೆಂದು ಗಂಟಲು ಸರಿಮಾಡಿಕೊಂಡರು. "ನಿಜವಾಗ್ಲೂ ಏನೂ ಕೊಡಲ್ಲ ಸ್ವಾಮಿ." ಕಣ್ಣು ಮತ್ತೆ ಮುಚ್ಚಿತು, ಈ ಸಲ ಎರಡು ಬಾರಿ.

"ಆಯ್ತು ಬಿಡಿ! ಹೆಣ್ಮಕ್ಕಳ ಮುಂದೆ ಆ ಮಾತು ಬೇಡ. ಆಮೇಲೆ ನಾವಿಬ್ಬರೇ ಕೂತ್ಕೊಳ್ಳಣ," ಎಂದ ನರಸಿಂಹಮೂರ್ತಿ ತಾವೂ ಒಂದು ಕಣ್ಣು ಮುಚ್ಚಿ ತೆರೆದರು.

ಚಲಪತಿಯ ಕರುಳು ಚುರುಕ್ಕೆಂದಿತು. ನಾಲ್ಕು ಜನರ ಮುಂದೆ ಸ್ವಂತ ಮುಖವೇ ಕೈಕೊಡುವ ನಾಚಿಕೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಫಿ ಲೋಟ ತೆಗೆಯಲು ಬಂದ ಮಗಳ ಕಿವಿಯಲ್ಲಿ ಪಿಸುಗುಟ್ಟಿದರು: "ಪಾಪ ಕಣಮ್ಮ, ಇವರೂ ಇಂಜೆಕ್ಷನ್ ತಪ್ಪಿಸಿದ್ದಾರೆ."

ಸಂಹಿತಾ ನರಸಿಂಹಮೂರ್ತಿಯವರನ್ನು ಒಮ್ಮೆ ನೋಡಿದಳು. ಆಮೇಲೆ ಅವರ ಮುಂದಿದ್ದ ಬೋಂಡಾ ತಟ್ಟೆಯನ್ನು ಎತ್ತಿಕೊಂಡಳು.

"ಇಲ್ಲಪ್ಪ, ಅವರ ಕಣ್ಣು ಸರಿಯಾಗೇ ಇದೆ."