ಅವನ ಜೇಬಿನ ರೋಟರ್

ಅತ್ತೆ ಬಚ್ಚಲಿನ ಬಾಗಿಲು ಹಾಕಿಕೊಂಡ ಸದ್ದು ಕೇಳಿದ್ದೇ ತಡ, ಸೊಸೆ ಶೆಡ್ಡಿಗೆ ಓಡಿ ಕಾರಿನ ಬಾನೆಟ್ ಎತ್ತಿದಳು. ಹನ್ನೊಂದೂವರೆ. ಗಂಡ ಊಟಕ್ಕೆ ಬರುವುದು ಒಂದಕ್ಕೆ. ಅತ್ತೆಯ ಸ್ನಾನ ಹತ್ತು ನಿಮಿಷ. ಅಷ್ಟರಲ್ಲಿ ಗಾಡಿ ಗೇಟು ದಾಟಿದರೆ ಅವಳು ಬದುಕಿದಳು.

ಕೀ ಹುಡುಕುವ ಕಷ್ಟವಿರಲಿಲ್ಲ. ಎಲ್ಲರಿಗೂ ಕಾಣುವಂತೆ ಗೋಡೆಯ ಮೊಳೆಗೇ ನೇತಾಡುತ್ತಿತ್ತು. ಅದು ಗಂಡನ ತಮಾಷೆ. ಹೋದ ವಾರ ಅವಳು ನಡೆದೇ ತವರಿಗೆ ಹೊರಟು, ಅವನ ಅಂಗಡಿಯ ಮುಂದೆಯೇ ಸಿಕ್ಕಿಬಿದ್ದಿದ್ದಳು. ಅಂಗಡಿ ತಪ್ಪಿಸಿ ಹೋಗುವ ರಸ್ತೆ ನಲವತ್ತು ಕಿಲೋಮೀಟರು, ಕಾರಿಲ್ಲದೆ ಆಗದ ಮಾತು. ತೋಳಿನ ಮೇಲೆ ಅವನ ಐದು ಬೆರಳು ಇನ್ನೂ ನೀಲಿಯಾಗಿ ಕೂತಿದ್ದವು. ಅವತ್ತು ಅವಳನ್ನು ಬಿಟ್ಟವನು ಸೀದಾ ತಾಯಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದ. ಸೊಸೆಗೆ ಬುದ್ಧಿ ಕಲಿಸುವ ಮಾತುಕತೆಯೇ ಇರಬೇಕು.

ಮಾರನೆಯ ಬೆಳಿಗ್ಗೆ ಅವಳ ಕಣ್ಣೆದುರಿಗೇ ಅವನು ಕಾರಿನ ಎಂಜಿನ್ನಿನ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ, ಒಳಗಿನ ರೋಟರನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಹೆಬ್ಬೆರಳಷ್ಟು ತುಂಡು. ಗರಗರ ಸುತ್ತುತ್ತಾ ಒಂದೊಂದು ಪ್ಲಗ್ಗಿಗೂ ಕರೆಂಟು ಹಂಚುವುದು ಅದೇ. ಅದಿಲ್ಲದ ಗಾಡಿ ಗೊರಗೊರ ಅನ್ನುತ್ತದೆಯೇ ಹೊರತು ಸ್ಟಾರ್ಟ್ ಆಗುವುದಿಲ್ಲ.

"ಹೋಗೇ ಈಗ, ಎಲ್ಲಿಗೆ ಹೋಗ್ತೀಯೋ ಹೋಗು," ಅಂತ ಜೇಬು ತಟ್ಟಿಕೊಂಡು ಬೈಕ್ ಹತ್ತಿದ್ದ. ಅಂದಿನಿಂದ ದಿನಾ ಅದೇ ಜೇಬು, ಅದೇ ತಟ್ಟು.

ಇದು ಸಾಲದೆಂದು ಅತ್ತೆಯ ಕಾವಲು ಬೇರೆ. ಹೋದ ವಾರದಿಂದ ಶೆಡ್ಡಿನ ಬಾಗಿಲಿಗೆ ಕುರ್ಚಿ ಹಾಕಿಕೊಂಡವರು ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಈ ಸುಡು ಸೆಖೆಯಲ್ಲೂ ಕತ್ತಿನ ತನಕ ಶಾಲು. ಥಂಡಿಯಂತೆ, ಗಂಟಲು ಕಟ್ಟಿದೆಯಂತೆ. "ಈ ಮನೆಯಿಂದ ನಿನ್ನೊಬ್ಬಳನ್ನೇ ಹೋಗೋಕೆ ಬಿಡಲ್ಲ ಕಣೇ," ಅಂತ ಮೊನ್ನೆ ಆ ಒಡಕು ದನಿಯಲ್ಲೇ ಎಚ್ಚರಿಸಿದ್ದರು. ಅಬ್ಬಬ್ಬಾ, ಹೆತ್ತವಳಿಗೆ ತಕ್ಕ ಮಗ ಅಂದುಕೊಂಡಿದ್ದಳು ಸೊಸೆ.

ಆದರೆ ಅದೃಷ್ಟವೂ ಒಂದಿದೆಯಲ್ಲ! ನಿನ್ನೆ ಒಂದು ಮೊಳೆ ಹುಡುಕಿಕೊಂಡು ಬಾ ಎಂದು ಅತ್ತೆಯೇ ಅವಳನ್ನು ಮಾವನ ಸಾಮಾನಿನ ಡಬ್ಬಿಗೆ ಅಟ್ಟಿದ್ದರು. ಮಾವ ಗ್ಯಾರೇಜು ಇಟ್ಟಿದ್ದವರು, ತೀರಿಕೊಂಡು ಆರು ವರ್ಷ. ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲೆ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಇನ್ನೊಂದು ರೋಟರ್. ಹಸಿ ಎಣ್ಣೆ ಬೆರಳಿಗೆ ಹತ್ತಿತ್ತು. ಅವಳು ಕೈ ಒರೆಸಿಕೊಂಡು, ರೋಟರನ್ನು ತಲೆದಿಂಬಿನೊಳಗೆ ಬಚ್ಚಿಟ್ಟಿದ್ದಳು.

ಈಗ ಕ್ಯಾಪಿನ ಎರಡೂ ಕ್ಲಿಪ್ಪು ಬಿಚ್ಚಿ, ಅಡ್ಡ ಬಂದ ನಡುವಿನ ದಪ್ಪ ವೈರನ್ನು ಎಳೆದಿಟ್ಟಳು. ಟ್ಯಾಕ್ಸಿ ಓಡಿಸುತ್ತಿದ್ದ ಅಪ್ಪನ ಪಕ್ಕ ನಿಂತು ಇಷ್ಟು ಕಲಿತಿದ್ದಳು. ಒಳಗೆಲ್ಲ ಕಿಲುಬು ಹಿಡಿದಿರುತ್ತದೆ ಅಂತ ಮರಳು ಕಾಗದ ತಂದಿದ್ದಳು. ಬೇಕಾಗಲೇ ಇಲ್ಲ. ಕರೆಂಟು ಹಾಯುವ ಪಾಯಿಂಟುಗಳು ನಿನ್ನೆ ಮೊನ್ನೆ ಉಜ್ಜಿದಂತೆ ಫಳಫಳ ಹೊಳೆಯುತ್ತಿದ್ದವು. ಒಳ್ಳೆಯದೇ ಆಯಿತು, ಸಮಯ ಉಳಿಯಿತು. ರೋಟರ್ ಕೂರಿಸಿ, ಕ್ಯಾಪ್ ಮುಚ್ಚಿ, ವೈರು ಸಿಕ್ಕಿಸಿ ಕೀ ತಿರುಗಿಸಿದಳು.

ಗೊರ್ರ್... ಗೊರ್ರ್... ಸ್ಟಾರ್ಟ್ ಆಗಲಿಲ್ಲ.

ಇನ್ನೊಮ್ಮೆ. ಮತ್ತೊಮ್ಮೆ. "ನಿನ್ನ ದಮ್ಮಯ್ಯ ಕಣೇ, ಹೊರಡೇ!" ಅಂತ ಸ್ಟೇರಿಂಗಿಗೆ ಹಣೆ ಒತ್ತಿ ಕಾರನ್ನೇ ಬೇಡಿದಳು.

ತಲೆ ಎತ್ತಿದರೆ ಕಿಟಕಿಯ ಪಕ್ಕದಲ್ಲೇ ಅತ್ತೆ. ಕೂದಲು ಒದ್ದೆಯಾಗಿರಲಿಲ್ಲ, ಶಾಲು ಹಾಗೇ ಇತ್ತು. ಸ್ನಾನವೂ ಇಲ್ಲ, ಏನೂ ಇಲ್ಲ. ಹೊಂಚು ಹಾಕಿದ್ದಾಳೆ ಮುದುಕಿ!

"ಅವನು ಫೋನ್ ಮಾಡಿದ್ದ. ಇವತ್ತು ಹನ್ನೆರಡಕ್ಕೇ ಬರ್ತಾನಂತೆ," ಅಂದರು ಅತ್ತೆ. "ಕೆಳಗೆ ಇಳೀಬೇಡ. ಅಲ್ಲೇ ಕೂತಿರು."

ಸೊಸೆ ಕೈ ಮುಗಿದಳು. "ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಇದೊಂದು ಸಲ ಕಂಡೂ ಕಾಣದ ಹಾಗೆ ಇದ್ದುಬಿಡಿ. ಇನ್ನೊಂದು ಸಲ ಅವರ ಕೈಗೆ ಸಿಕ್ಕರೆ ನಾನು ಉಳಿಯಲ್ಲ."

ಅತ್ತೆ ಬಾನೆಟ್ಟಿನ ಕೆಳಗೆ ಬಗ್ಗಿದರು. ಏನೋ ಟಕ್ ಅಂದಿತು. ಕಿತ್ತುಬಿಟ್ಟರು! ಎಲ್ಲಾ ಮುಗಿಯಿತು. ಅವಳಿಗೆ ಅಳುವೂ ಬರಲಿಲ್ಲ. ಬರಿ ಸಿಟ್ಟು, ಮೈಯೆಲ್ಲ ಉರಿಯುವಂಥ ಸಿಟ್ಟು.

"ನಡುವಿನ ವೈರು ಪೂರ್ತಿ ಒಳಗೆ ಹೋಗೇ ಇರಲಿಲ್ಲ," ಬಾನೆಟ್ಟಿನ ಮರೆಯಿಂದ ಒಡಕು ದನಿ ಬಂತು. "ಹ್ಞೂಂ, ಈಗ ಸ್ಟಾರ್ಟ್ ಮಾಡು."

ಕೀ ತಿರುಗಿಸುತ್ತಲೇ ಕಾರು ಸ್ಟಾರ್ಟ್ ಆಯಿತು.

ಅತ್ತೆ ಬಾನೆಟ್ ಮುಚ್ಚಿ, ಕುರ್ಚಿಯ ಹಿಂದಿನಿಂದ ಬಟ್ಟೆಯ ಚೀಲವೊಂದನ್ನು ಎತ್ತಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತರು.

"ಮೂವತ್ತು ವರ್ಷ ನಿಮ್ಮ ಮಾವನ ಗ್ಯಾರೇಜಲ್ಲಿ ಪಾಯಿಂಟ್ ಉಜ್ಜಿದ್ದೀನಿ. ಸ್ಟೇರಿಂಗ್ ಮಾತ್ರ ಮುಟ್ಟೋಕೆ ಬಿಡಲಿಲ್ಲ ಮಹಾರಾಯ. ನಿನಗೆ ಮೊದಲೇ ಹೇಳಿದ್ರೆ, ಅವನು ಗದರಿದ ಕೂಡ್ಲೇ ನೀನು ಬಾಯಿ ಬಿಡ್ತಿದ್ದೆ. ಏನು ಮುಖ ನೋಡ್ತಾ ಕೂತಿದ್ದೀಯ, ಗೇರ್ ಹಾಕು!"

ಬಾಗಿಲು ಎಳೆದುಕೊಳ್ಳುವಾಗ ಶಾಲು ಜಾರಿತು. ಅತ್ತೆಯ ಕತ್ತಿನ ಮೇಲೆ, ನೀಲಿಯಾಗಿ, ಅದೇ ಐದು ಬೆರಳು.