ಮೂಗಮ್ಮನ ತೀರ್ಪು

ಮೊದಲ ಕುಂಡದ ಹೂವಿಗೆ ಮುಖವೊಡ್ಡಿ ಮೂಗಮ್ಮ ಉದ್ದಕ್ಕೆ ಉಸಿರೆಳೆದುಕೊಂಡಳು. ಕಣ್ಣು ಮಾತ್ರ ಹೂವಿನ ಮೇಲಿರಲಿಲ್ಲ. ಪಕ್ಕದಲ್ಲೇ ಬಗ್ಗಿ ಅದೇ ಹೂವನ್ನು ಮೂಸುತ್ತಿದ್ದ ನಾದಿನಿಯ ಮುಖವನ್ನು ಓರೆಗಣ್ಣಿನಿಂದ ಗಮನಿಸುತ್ತಿದ್ದಳು.

ನಾದಿನಿಯ ಮುಖದಲ್ಲಿ ಏನೂ ಆಗಲಿಲ್ಲ.

ಅವಳಿಗೆ ಮೂಗಮ್ಮ ಎಂಬ ಅಡ್ಡಹೆಸರು ಬಂದದ್ದು ಮಾತು ಬಾರದ್ದಕ್ಕಲ್ಲ, ಮೂಗು ಚುರುಕಾಗಿದ್ದುದಕ್ಕೆ. ಚಿಗುರಿನ ಚೂರನ್ನು ಗಾಜಿನ ಬಾಟಲಿಯ ಲೋಳೆಯಲ್ಲಿಟ್ಟು ಗಿಡ ಮಾಡುವ ಅಂಗಾಂಶ ಕೃಷಿಯ ಪ್ರಯೋಗಾಲಯ ಅವಳು ಕೆಲಸ ಮಾಡುವ ಜಾಗ. ಒಳಗೆ ಬೂಷ್ಟು ಕಣ್ಣಿಗೆ ಕಾಣುವ ಮೊದಲೇ ಅವಳು ಮುಚ್ಚಳ ಮೂಸಿ, ಇದು ಕೆಟ್ಟಿತು, ತೆಗೀರಿ ಎನ್ನುತ್ತಿದ್ದಳು. ಹೊಸಬರು ಮೂಗಿನ ಮೇಲೆ ಬೆರಳಿಡುತ್ತಿದ್ದರು. ನೋಡಲು ಬಂದವರಿಗೆ ನಿರ್ದೇಶಕರು ಯಂತ್ರಗಳನ್ನೆಲ್ಲ ತೋರಿಸಿದ ಮೇಲೆ ಅವಳನ್ನೂ ತೋರಿಸುತ್ತಿದ್ದರು.

ಆ ಮೂಗು ಸತ್ತು ಎರಡು ವರ್ಷವಾಗಿತ್ತು. ಮನೆಗೆ ಮನೆಯೇ ಜ್ವರ ಬಂದು ಮಲಗಿ ಎದ್ದ ಮೇಲೆ ಸೋಪು ಮೂಸಿದರೆ ಕಲ್ಲು ಮೂಸಿದಂತಾಯಿತು. ನಾಳೆ ಸರಿಹೋದೀತು ಎಂದುಕೊಂಡಳು. ಸರಿಹೋಗಲಿಲ್ಲ. ಹೇಳಬೇಕಾದ ದಿನ ದಾಟಿಹೋದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಮೂಗೇ ಇಲ್ಲದ ಮೂಗಮ್ಮನನ್ನು ಯಾರು ಕೇಳಿಯಾರು? ಬಾಟಲಿಯನ್ನು ಕಳ್ಳತನದಿಂದ ಬೆಳಕಿಗೆ ಹಿಡಿದು ನೋಡಿ, ಆಮೇಲೆ ಎಲ್ಲರೆದುರು ಮೂಸುವ ನಾಟಕ ಶುರುವಾಯಿತು. ಪ್ರತಿ ಸಲವೂ ನಾಚಿಕೆಯಿಂದ ಕಿವಿ ಬಿಸಿಯಾಗುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ.

ಹಾಗೆಯೇ ದಿನ ನೂಕಬಹುದಿತ್ತೇನೋ. ಆದರೆ ಗೋಡೆಯ ಬಳ್ಳಿ ಹೂ ಬಿಟ್ಟಿತು.

ಅದು ಅವಳ ಗಂಡನ ಮನೆಯದೇ ಬಳ್ಳಿ. ಹಿತ್ತಿಲ ಗೋಡೆಗೆ ಹಬ್ಬಿತ್ತು. ಈ ಜಾತಿ ಇನ್ನೆಲ್ಲೂ ಉಳಿದಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಬುಡ ಕೊಳೆತಿತ್ತು. ಕೊನೆಯ ಎರಡು ಚಿಗುರುಗಳನ್ನು ಮೂಗಮ್ಮನೇ ಕತ್ತರಿಸಿ ತಂದಿದ್ದಳು. ಬಳ್ಳಿ ಸತ್ತಿತು, ಚಿಗುರುಗಳು ಬದುಕಿ ಬಾಟಲಿ ಬಾಟಲಿಯಾಗಿ ಹೆಚ್ಚಿದವು. ಹೀಗೆ ಬಾಟಲಿಯಿಂದ ಬಾಟಲಿಗೆ ದಾಟುವಾಗ ಒಮ್ಮೊಮ್ಮೆ ಗಿಡದ ಗುಣ ಬದಲಾಗುವುದುಂಟು. ಈಗ ಎರಡೂ ಚಿಗುರುಗಳ ಸಂತಾನ ಕುಂಡಗಳಲ್ಲಿ ಅರಳಿತ್ತು. ನೋಡಲು ಒಂದೇ, ಪರಿಮಳ ಮಾತ್ರ ಬೇರೆ ಬೇರೆ ಎಂದು ಕೆಲಸದ ಹುಡುಗಿಯರು ಹೇಳಿದರು. ಅವುಗಳಲ್ಲಿ ಗೋಡೆಯ ಹೂವಿನ ಪರಿಮಳ ಯಾವುದೆಂದು ಅವರಿಗೆ ತಿಳಿಯದು. ಅವರಾರೂ ಅದನ್ನು ಮೂಸಿದವರಲ್ಲ.

ನಾಳೆ ಬೇರೆ ಗಿಡಗಳು ಬರುತ್ತಿವೆ, ಕಪಾಟಿನಲ್ಲಿ ಜಾಗವಿರುವುದು ಒಂದು ಸಂತಾನಕ್ಕೆ ಮಾತ್ರ ಎಂದರು ನಿರ್ದೇಶಕರು. ಇನ್ನೊಂದರ ಬಾಟಲಿಗಳು ಕಸವನ್ನು ಆವಿಯಲ್ಲಿ ಬೇಯಿಸುವ ದೊಡ್ಡ ಕುಕ್ಕರಿಗೆ. ಬೆರಕೆಯಾಗಬಾರದೆಂದು ಕುಂಡದ ಗಿಡಗಳೂ ಅದರ ಜೊತೆಗೇ.

"ನೀವು ಹೇಳಿದ್ದೇ ಕೊನೆ ಮಾತು, ಮೂಗಮ್ಮ. ನಿಮ್ಮ ಮೂಗಿಗಿಂತ ದೊಡ್ಡ ಸಾಕ್ಷಿ ನಮಗೆ ಬೇಡ."

ಆ ಪರಿಮಳ ಬಲ್ಲವರು ಲೋಕದಲ್ಲಿ ಇನ್ನಿಬ್ಬರೇ. ಗಂಡನಿಗೆ ಹೂವೂ ಒಂದೇ, ಸೊಪ್ಪೂ ಒಂದೇ. ಉಳಿದವಳು ನಾದಿನಿ. ಆ ಗೋಡೆಯ ಪಕ್ಕದಲ್ಲೇ ಹುಟ್ಟಿ ಬೆಳೆದವಳು. ಬೀದಿಯ ಯಾವ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಗೇಟಿನಲ್ಲೇ ನಿಂತು ಹೇಳುತ್ತಿದ್ದವಳು. ಅಡುಗೆಯನ್ನೂ ವಾಸನೆಯ ಮೇಲೆಯೇ ಅಂದಾಜಾಗಿ ಮಾಡುತ್ತಿದ್ದಳು. ಈಚೆಗೆ ಮಾತ್ರ ಶಿಸ್ತು ಬಂದು, ಎಲ್ಲಕ್ಕೂ ಫೋನಿನಲ್ಲಿ ಅಲಾರಂ ಇಡುತ್ತಿದ್ದಳು. ಸೌಟು ಹಿಡಿದು ಬಂದು, ಹೇಗಿದೆ ನೋಡಿ ಎಂದು ಅತ್ತಿಗೆಯನ್ನೇ ಕೇಳುತ್ತಿದ್ದಳು. ಮೂಗಮ್ಮ ಕಣ್ಣು ಮುಚ್ಚಿಕೊಂಡು ಚೆನ್ನಾಗಿದೆ ಎನ್ನುತ್ತಿದ್ದಳು.

ನಿಜ ಹೇಳಿ ಸಹಾಯ ಕೇಳಲು ಬಾಯಿ ಬರಲಿಲ್ಲ. ನಮ್ಮ ಗೋಡೆ ಹೂವು ಅರಳಿದೆ, ನೋಡುವೆಯಂತೆ ಬಾ ಎಂದಳು. ಕೆಲಸವಿದೆ, ತಲೆನೋವು ಎಂದು ನಾದಿನಿ ಏನೇನೋ ನೆಪ ಹೇಳಿದಳು. ಮೂಗಮ್ಮ ಬಿಡದೆ ಎಳೆದುಕೊಂಡು ಬಂದಿದ್ದಳು.

ಈಗ ಇಬ್ಬರೂ ಎರಡನೆಯ ಕುಂಡದತ್ತ ಬಗ್ಗಿದರು. ಮೂಗಮ್ಮನಿಗೆ ಓರೆಗಣ್ಣು ಸಾಲದೆ ಹೋಯಿತು. ನೇರವಾಗಿ ನಾದಿನಿಯನ್ನೇ ನೋಡಿದಳು. ನಾದಿನಿಯೂ ಒಮ್ಮೆ ಅವಳನ್ನು ನೋಡಿ, ಮೆಲ್ಲಗೆ ಕಣ್ಣು ಮುಚ್ಚಿ, ಮುಗುಳ್ನಕ್ಕಳು.

ನಿಮಗೇನನ್ನಿಸಿತಮ್ಮ ಎಂದು ಅಲ್ಲೇ ನಿಂತಿದ್ದ ನಿರ್ದೇಶಕರು ನಾದಿನಿಯನ್ನೂ ವಿಚಾರಿಸಿದರು.

"ಅತ್ತಿಗೆ ಇರುವಾಗ ನನ್ನನ್ನೇನು ಕೇಳ್ತೀರಿ ಸಾರ್? ಅವರು ಹೇಳಿದ್ದೇ ಸರಿ."

"ಎರಡನೇದು" ಎಂದಳು ಮೂಗಮ್ಮ.

ಮೊದಲನೆಯದರ ಬಾಟಲಿಗಳು ಬುಟ್ಟಿ ಬುಟ್ಟಿಯಾಗಿ ಕುಕ್ಕರಿಗೆ ಹೋದವು. ಒಂದೊಂದರಲ್ಲೂ ಬೆರಳುದ್ದದ ಹಸಿರು ಗಿಡವಿತ್ತು. ಮುಚ್ಚಳ ಬಿಗಿದು ಆವಿ ಏರಿದಾಗ ಅವಳು ಅಲ್ಲಿ ನಿಲ್ಲಲಾರದೆ ಹೊರಬಂದಳು. ಎರವಲು ಮೂಗಿನಿಂದ ತೀರ್ಪು ಕೊಟ್ಟೆನಲ್ಲ ಎಂದು ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆದರೂ ಮೂಗು ಯಾರದಾದರೇನು, ಬಳ್ಳಿ ಉಳಿಯಿತಲ್ಲ ಎಂದು ಸಮಾಧಾನ ತಂದುಕೊಂಡಳು.

ಸಂಜೆ ಇಬ್ಬರೂ ಮನೆಗೆ ಬಂದ ಕೂಡಲೇ ನಾದಿನಿ ಹಾಲನ್ನು ಒಲೆಯ ಮೇಲಿಟ್ಟು, ಅಲಾರಂ ಇಡದೆಯೇ ಅಡುಗೆಮನೆಯ ಬಾಗಿಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕುಳಿತಳು. ಎಂದಿಲ್ಲದ ಅಕ್ಕರೆ ಅವಳ ಮುಖದಲ್ಲಿತ್ತು. ಮೂಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ. ಇವತ್ತು ಇವಳೊಬ್ಬಳಿಗಾದರೂ ಹೇಳಿಬಿಡಬೇಕು. ಎಲ್ಲಿಂದ ತೊಡಗುವುದೆಂದು ತಿಳಿಯದೆ ಬಳಸಿಕೊಂಡು ಬಂದಳು.

"ಆ ಎರಡನೇ ಹೂವು ಮೂಸಿದಾಗ ನಿನಗೆ ಏನು ನೆನಪಾಯ್ತೇ?"

ನಾದಿನಿ ತಲೆ ತಗ್ಗಿಸಿದಳು. ಉಗುರಿನಿಂದ ಕುರ್ಚಿಯ ಕೈ ಕೆರೆದಳು.

"ಹೂವಿನ ಮಾತು ಬಿಡಿ, ಅತ್ತಿಗೆ. ನಾನು ನೋಡ್ತಿದ್ದದ್ದು ನಿಮ್ಮ ಮುಖಾನೇ."

ಅದೇನು ಹಾಗೆಂದರೆ ಎಂದು ಮೂಗಮ್ಮ ಕೇಳುವಷ್ಟರಲ್ಲಿ ಯಾರೋ ಬಾಗಿಲು ಬಡಿದರು. ತೆರೆದರೆ ಎದುರುಮನೆಯಾಕೆ, ಅಂಗೈಯಿಂದ ಮೂಗು ಮುಚ್ಚಿಕೊಂಡು ನಿಂತಿದ್ದಳು.

"ಹಾಲು ಸೀದು ಬೀದಿಯೆಲ್ಲ ವಾಸನೆ ಕಣ್ರೀ, ಮನೇಲೇ ಇದ್ದೀರಿ, ನಿಮ್ಮಿಬ್ಬರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ವಾ?"